ಇಪ್ಪತ್ತೈದು ಮನೆ, ನಾಲ್ಕು ಹುಣಿಸೆ ಬೀಜ

2016ರ ಮೇ 20, ಶುಕ್ರವಾರ. ಅಹಮದಾಬಾದಿನಲ್ಲಿ ಅಂದು 48 ಡಿಗ್ರಿ ಬಿಸಿಲು. ನೂರು ವರ್ಷದಲ್ಲಿ ಊರು ಅಂಥದ್ದನ್ನು ಕಂಡಿರಲಿಲ್ಲ. ಹಿಂದಿನ ದಿನ ರಾಜಸ್ಥಾನದ ಫಲೋದಿಯಲ್ಲಿ 51 ಮುಟ್ಟಿತ್ತು. ಆ ಕಾವೇ ಇತ್ತ ಹರಿದು ಬಂದ ಹಾಗಿತ್ತು. ನರೋಡಾದ ನಮ್ಮ ಸೊಸೈಟಿಯ ಕಬ್ಬಿಣದ ಗೇಟನ್ನು ಟವಲು ಸುತ್ತಿಕೊಂಡು ತೆರೆಯಬೇಕಿತ್ತು. ಸದಾ ಲಾರಿಗಳಿಂದ ಗಿಜಿಗುಡುವ ಜಿಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಗೆ ಬರಬೇಡಿ ಎಂದಿದ್ದರು.

ಅಮೆರಿಕದ ಬಫಲೋದಲ್ಲಿರುವ ಅಕ್ಕನ ಮಗ ಜನವರಿಯಲ್ಲಿ ಫೋನು ಮಾಡಿದಾಗ ಅಲ್ಲಿನ ಹಿಮದ ರಜೆಯ ಬಗ್ಗೆ ಹೇಳಿದ್ದ. ರಾತ್ರಿಯೆಲ್ಲ ಹಿಮ ಬಿದ್ದು ಶಾಲೆ ಆಫೀಸು ಬಾಗಿಲು ಹಾಕುತ್ತವೆ, ಗೆಳೆಯರೆಲ್ಲ ಒಂದು ಮನೆಯಲ್ಲಿ ಸೇರಿ ಬೋರ್ಡ್ ಗೇಮ್ ಹರವಿಕೊಂಡು ಸಂಜೆವರೆಗೆ ಕಾದಾಡುತ್ತಾರೆ, ಸೋತವನು ಪಾತ್ರೆ ತೊಳೆಯುತ್ತಾನೆ. ನಮಗೆ ಅಂಥ ಯೋಗ ಎಲ್ಲಿ ಬರಬೇಕು ಎಂದು ಆಗ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಬಂತು. 2010ರ ಮೇ ತಿಂಗಳ ಬಿಸಿಲು ಈ ಊರಿನಲ್ಲಿ ನೂರಾರು ಜೀವ ತೆಗೆದ ಮೇಲೆ, 2013ರಲ್ಲಿ ಇಲ್ಲಿನ ಮಹಾನಗರಪಾಲಿಕೆ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅಂಥದ್ದು ಮೊದಲು. 45 ಡಿಗ್ರಿ ದಾಟುವ ಸೂಚನೆ ಇದ್ದರೆ ಕೆಂಪು ಎಚ್ಚರಿಕೆ. ಅಂದರೆ ಮನೆಯಿಂದ ಹೊರಗೆ ಕಾಲಿಡಬೇಡಿ ಎಂದು ಸರ್ಕಾರವೇ ಹೇಳಿದಂತೆ. ಹಿಮಕ್ಕೂ ಬೆಂಕಿಗೂ ಅಷ್ಟರಮಟ್ಟಿಗೆ ವ್ಯತ್ಯಾಸವಿಲ್ಲ.

ನಾಲ್ವರು ಸೇರಿದೆವು. ಶಿವಮೊಗ್ಗ ಕಡೆಯವನಾದ ನಾನು, ಪುತ್ತೂರಿನವನೊಬ್ಬ, ವಿಜಯಪುರದವನೊಬ್ಬ, ಮತ್ತೆ ಕೆಳಗಿನ ಮನೆಯ ಗುಜರಾತಿ ಗೆಳೆಯ. ಅವನು ಬಣ್ಣದ ಕಾರ್ಖಾನೆಯೊಂದರ ಲೆಕ್ಕ ಬರೆಯುವವನು. ಕೂಲರಿಗೆ ನೀರು ತುಂಬಿ, ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿ, ಅವನು ತಂದ ಛಾಸಿನ, ಅಂದರೆ ಮಜ್ಜಿಗೆಯ, ಪಾತ್ರೆ ನಡುವೆ ಇಟ್ಟುಕೊಂಡು ಕೂತೆವು. ಹನ್ನೆರಡೂವರೆಗೆ ಕರೆಂಟು ಹೋಯಿತು. ಫೋನಿನಲ್ಲಿ ಲೂಡೋ ಆಡುತ್ತಿದ್ದ ವಿಜಯಪುರದವನ ಚಾರ್ಜೂ ಮುಗಿಯಿತು. ನನಗೆ ಬೇಸರವಾಗಲಿಲ್ಲ. ಗುದ್ದಾಡಲು ಎದುರಿಗೆ ಮನುಷ್ಯರೇ ಇಲ್ಲದ ಆಟ ಆಟವಲ್ಲ.

ನಾನು ಸೀಮೆಸುಣ್ಣ ಹಿಡಿದು ಮೊಸಾಯಿಕ್ ನೆಲದ ಮೇಲೆ ಐದು ಅಡ್ಡ ಐದು ಉದ್ದ ಮನೆ ಬರೆದೆ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಗುಣಾಕಾರದ ಗೆರೆ ಹೊಡೆದೆ. ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಚೌಕಾಬಾರ. ಕೆಲವು ಕಡೆ ಕಟ್ಟೆಮನೆ ಅನ್ನುತ್ತಾರೆ. ಗುಜರಾತಿಯವನಿಗೆ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವನು, "ಅರೆ, ಇದು ನಮ್ಮ ಇಷ್ಟೊ!" ಎಂದು ಕೂಗಿ ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ನಾನು ಸೊಟ್ಟಗೆ ಎಳೆದಿದ್ದ ಗೆರೆ ತಿದ್ದಿದ. ಅವನ ಅಜ್ಜಿಯೂ ನನ್ನ ಅಜ್ಜಿಯೂ ಸಾವಿರ ಕಿಲೋಮೀಟರಿಗೂ ದೂರದಲ್ಲಿ ಅದೇ ಇಪ್ಪತ್ತೈದು ಮನೆಯ ಮೇಲೆ ಅದೇ ಜಗಳ ಆಡಿದ್ದರು.

ಕವಡೆ ಇರಲಿಲ್ಲ. ಅಡುಗೆಮನೆಯ ಡಬ್ಬದಲ್ಲಿ ಹುಣಿಸೆಹಣ್ಣಿತ್ತು. ಎರಡು ಬೀಜ ತೆಗೆದು, ಒಂದು ಮಗ್ಗುಲನ್ನು ಮೆಟ್ಟಿಲಿನ ಸಿಮೆಂಟಿಗೆ ಉಜ್ಜಿದೆ. ಕಪ್ಪು ಸಿಪ್ಪೆ ಸವೆದು ಬಿಳಿ ತಿರುಳು ಕಾಣಬೇಕು, ಬೆರಳತುದಿ ಬಿಸಿಯಾಗಬೇಕು. ಆ ದಿನ ಮೆಟ್ಟಿಲೇ ಕೆಂಡವಾಗಿದ್ದರಿಂದ ಬೆರಳು ಮೊದಲೇ ಸುಟ್ಟಿತ್ತು. ಉಳಿದೆರಡನ್ನು ಪುತ್ತೂರಿನವನು ಉಜ್ಜಿದ. ನಾಲ್ಕು ಬೀಜ, ಒಂದೊಂದಕ್ಕೂ ಕಪ್ಪು ಬಿಳಿ ಎರಡು ಮುಖ. ಬೀಳುವ ಬಗೆ ಒಟ್ಟು ಹದಿನಾರು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಬೀಜ ಪಕ್ಷಪಾತ ಮಾಡದೆ ಬಿದ್ದರೆ ಈ ಎರಡಕ್ಕೂ ಹದಿನಾರರಲ್ಲಿ ಒಂದೊಂದೇ ಅವಕಾಶ. ಎರಡಕ್ಕೆ ಆರು, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ಕೂಡಿಸಿ ಭಾಗಿಸಿದರೆ ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ. ಒಂದು ಕಾಯಿ ಹೊರಸುತ್ತಿನ 16 ಮನೆ, ಒಳಸುತ್ತಿನ 8 ಮನೆ ದಾಟಿ ನಡುವೆ ಹಣ್ಣಾಗಲು 24 ಹೆಜ್ಜೆ. ನಾಲ್ಕು ಕಾಯಿಗೆ 96. ನಾಲ್ಕು ಜನಕ್ಕೆ 384. ಯಾರೂ ಯಾರನ್ನೂ ಹೊಡೆಯದೆ ಸಂಭಾವಿತರಂತೆ ಆಡಿದರೂ ಆಟ ಮುಗಿಯಲು ನೂರೈವತ್ತು ಗರ ಬೇಕು. ನಾವು ಸಂಭಾವಿತರಾಗಿರಲಿಲ್ಲ.

ಮೊದಲ ಜಗಳ ಅರ್ಧ ಗಂಟೆಯೊಳಗೇ ಬಂತು. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಗರ ಹಾಕಬಹುದು. ಆದರೆ ಸತತ ಮೂರು ಸಲ ಬಿದ್ದರೆ ಮೂರೂ ಕೊಳೆತಂತೆ ಎಂಬುದು ನಮ್ಮ ಕಡೆಯ ನಿಯಮ. ವಿಜಯಪುರದವನಿಗೆ ಮೂರು ಸಲ ಬಿತ್ತು. 512ರಲ್ಲಿ ಒಮ್ಮೆ ಬೀಳುವಂಥದ್ದು. "ಐನೂರಕ್ಕ ಒಮ್ಮಿ ಬಿದ್ದದ್ದನ್ನ ಕೊಳಸ್ತೀರೇನ್ರೋ?" ಎಂದು ಅವನು ಎದ್ದೇ ನಿಂತ. ಇಷ್ಟೊ ಆಡುವ ಮನೆಯಲ್ಲಿ ಹಾಗೇನೂ ಇಲ್ಲ ಎಂದು ಗುಜರಾತಿಯವನೂ ಅವನ ಪರ. ಅವರು ಗೆದ್ದರು, ಅಂದರೆ ನನ್ನ ಎರಡು ಕಾಯಿ ಸತ್ತವು.

ಕಾಯಿ ಹೊಸದಾಗಿ ಸಾಗುವುದನ್ನು ಕಾಯುತ್ತ ಮಾತು ಚದುರಂಗಕ್ಕೆ ತಿರುಗಿತು. ಲೆಕ್ಕಿಗ ಗೆಳೆಯ 2010ರ ಡಿಸೆಂಬರ್ 24ರ ಕಥೆ ತೆಗೆದ. ಅಂದು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಮೈದಾನದಲ್ಲಿ 20,480 ಮಂದಿ ಒಟ್ಟಿಗೆ ಕೂತು ಚದುರಂಗ ಆಡಿ ಗಿನ್ನೆಸ್ ಪುಸ್ತಕ ಸೇರಿದ್ದರು. ವಿಶ್ವನಾಥನ್ ಆನಂದ್ ಬಂದಿದ್ದರು. ಇಪ್ಪತ್ತು ಸಾವಿರ ಜನ ಒಂದು ಬಯಲಿನಲ್ಲಿ ಕೂತೂ ಸದ್ದಿಲ್ಲದಿರುವುದನ್ನು ಊಹಿಸಿ! ನಮ್ಮ ನಾಲ್ವರ ಗದ್ದಲಕ್ಕೆ ಕೆಳಮನೆಯವರು ಎರಡು ಸಲ ಕೋಲಿನಿಂದ ಸೂರು ಕುಟ್ಟಿದ್ದರು.

ಆ ಮೈದಾನವನ್ನು ಒಂದು ಅಳತೆಗೋಲು ಮಾಡಿಕೊಳ್ಳೋಣ. ಕಾಳಿನ ಕಥೆ ಬಿಡಿ, ಮೊದಲ ಮನೆಗೆ ಒಂದು ಎರಡನೆಯದಕ್ಕೆ ಎರಡು ಎಂದು ರಾಜನ ಕಣಜ ಬರಿದಾದದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದಂಗುಬಡಿಸುವುದು ನಡೆಗಳ ಲೆಕ್ಕ. ಮೊದಲ ಆಟಗಾರನಿಗೆ 20 ನಡೆಗಳ ಆಯ್ಕೆ, ಎದುರಾಳಿಗೂ 20. ಇಬ್ಬರೂ ಒಂದೊಂದು ನಡೆ ನಡೆದರೆ 400 ಬಗೆ. ಎರಡೆರಡು ನಡೆದರೆ 1,97,281. ಮೂರು ಮೂರು ನಡೆಗೆ 11,90,60,324. ನಾಲ್ಕು ನಾಲ್ಕಕ್ಕೆ 84,99,89,78,956, ಅಂದರೆ ಹತ್ತಿರಹತ್ತಿರ ಎಂಟೂವರೆ ಸಾವಿರ ಕೋಟಿ. ನಾಲ್ಕು ನಡೆಯೆಂದರೆ ಇನ್ನೂ ಆಟ ಬೆಚ್ಚಗೂ ಆಗಿರುವುದಿಲ್ಲ. ಕುದುರೆ ಎರಡು ಹೊರಬಂದು ಮಂತ್ರಿಯ ದಾರಿ ತೆರೆದಿರುತ್ತದೆ, ಅಷ್ಟೆ.

ಈಗ ಆ ಮೈದಾನದಲ್ಲಿ 20,480 ಮಣೆ ಇಡಿ. ಪ್ರತಿ ಮಣೆಯಲ್ಲೂ ನಾಲ್ಕು ನಾಲ್ಕು ನಡೆ, ಒಂದರಂತೆ ಇನ್ನೊಂದಿಲ್ಲ. ಮರುದಿನ ಮತ್ತೆ 20,480, ಹಿಂದಿನ ದಿನದ್ದು ಒಂದೂ ಮರುಕಳಿಸುವಂತಿಲ್ಲ. ಹೀಗೆ ದಿನವೂ. ಇವತ್ತಿಗೆ ಎಲ್ಲ ಬಗೆಯೂ ಮುಗಿಯಬೇಕಾದರೆ ಎಂದಿನಿಂದ ಆರಂಭಿಸಿರಬೇಕಿತ್ತು?

ಲೋಥಲ್‌ನಿಂದ ಶುರುಮಾಡೋಣ ಎಂದೆ. ನರೋಡಾದಿಂದ ಊರು ದಾಟಿ ನೈಋತ್ಯಕ್ಕೆ ಹೋದರೆ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಿಂಧೂ ನಾಗರಿಕತೆಯ ಆ ಬಂದರು ಪಟ್ಟಣವಿದೆ. ಮಣ್ಣಿನಡಿಯಿಂದ ಅದನ್ನು ಎತ್ತಿ ತೋರಿಸಿದವರು ನಮ್ಮವರೇ, ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. 1954ರಲ್ಲಿ ದಿಬ್ಬ ಗುರುತಾಯಿತು, 1955ರಿಂದ 1960ರವರೆಗೆ ಅಗೆತ ನಡೆಯಿತು. ಮುಂದೆ ದ್ವಾರಕೆಯ ಕಡಲಿನೊಳಗೂ ಹುಡುಕಿಸಿದರು. ಲೋಥಲ್‌ನಲ್ಲಿ ಅವರಿಗೆ ಇನ್ನೂರು ಮೀಟರಿಗೂ ಉದ್ದದ ಇಟ್ಟಿಗೆಯ ಕಟ್ಟೆ ಸಿಕ್ಕಿತು, ಮುದ್ರೆಗಳು ಸಿಕ್ಕವು, ಮಣಿ ಮಾಡುವ ಕುಲುಮೆ ಸಿಕ್ಕಿತು. ಜೊತೆಗೆ ಸುಟ್ಟ ಮಣ್ಣಿನ ದಾಳಗಳು, ಪುಟ್ಟ ಆಟದ ಕಾಯಿಗಳು. ಕೆಲವಕ್ಕೆ ಪ್ರಾಣಿಯ ತಲೆ, ಕೆಲವು ಬರೀ ಗೋಪುರದಂತೆ ಚೂಪು. ಚದುರಂಗದ ಕಾಯಿಗಳನ್ನೇ ಹೋಲುತ್ತವೆ ಎಂದವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಕಾಯಿ ಹೋಲಿದ ಮಾತ್ರಕ್ಕೆ ಆಟ ಒಂದೇ ಆಗುವುದಿಲ್ಲ, ನಿಯಮ ಮಣ್ಣಿನಲ್ಲಿ ಉಳಿಯುವುದಿಲ್ಲ. ಆದರೆ ಅಲ್ಲಿ ಯಾರೋ ನಾಲ್ವರು ಒಂದು ಮಧ್ಯಾಹ್ನ ಕೂತು ಜಗಳವಾಡಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದು ಸುಮಾರು 4,400 ವರ್ಷದ ಹಿಂದಿನ ಮಾತು. ದಿನಗಳಲ್ಲಿ 16 ಲಕ್ಷ. ಆ ನಾಲ್ವರು ಎದ್ದ ಮರುದಿನದಿಂದ ಇವತ್ತಿನವರೆಗೆ, ಒಂದು ಅಮಾವಾಸ್ಯೆ ಒಂದು ದೀಪಾವಳಿ ಬಿಡದೆ, ದಿನಕ್ಕೆ 20,480 ಹೊಸ ಆಟ ಆಡಿಸಿದ್ದರೆ ಈಗ 3,291 ಕೋಟಿ ಮುಗಿದಿರುತ್ತಿತ್ತು. ಬೇಕಾದದ್ದು 8,499 ಕೋಟಿ. ನಾಲ್ಕು ನಡೆಯ ಅರ್ಧ ಭಾಗವೂ ತೀರಿಲ್ಲ. ಐದನೆಯ ನಡೆಗೆ ಹೋದರೆ ಸಂಖ್ಯೆ 69 ಲಕ್ಷ ಕೋಟಿ ದಾಟುತ್ತದೆ, ಅದೇ ಮೈದಾನಕ್ಕೆ 92 ಲಕ್ಷ ವರ್ಷ ಹಿಡಿಯುತ್ತದೆ. ಮುಂದಿನದನ್ನು ಹೇಳಲು ಕನ್ನಡದಲ್ಲಿ ಪದ ಹುಡುಕಬೇಕು. ಲೆಕ್ಕಿಗ ಗೆಳೆಯ ಕ್ಯಾಲ್ಕುಲೇಟರು ಕೆಳಗಿಟ್ಟು ಛಾಸ್ ಕುಡಿದ.

ಪುತ್ತೂರಿನವನಿಗೆ ಚದುರಂಗದ ಮೇಲೆ ಅಷ್ಟು ಮಮತೆಯಿಲ್ಲ. ಅವನದು ಚೆನ್ನೆಮಣೆ. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಹೊರಗೆ ಕಾಲಿಡಲಾರದ ಮಳೆ, ಗದ್ದೆ ಕೆಲಸ ಮುಗಿದು ಮನೆಯೊಳಗೇ ಬಂದಿ. ಅಟ್ಟದಿಂದ ಮಣೆ ಕೆಳಗಿಳಿಯುವುದು ಆಗಲೇ. ಬೇರೆ ಕಾಲದಲ್ಲಿ ಆಡಬಾರದು, ಅಣ್ಣತಂಗಿ ಎದುರುಬದುರು ಕೂರಬಾರದು ಎಂಬ ಕಟ್ಟುಪಾಡೂ ಉಂಟು. ಹಾಗಾಗಿ ಹಿಮದ ರಜೆಯ ಕನ್ನಡ ನಾಡಿನ ಪಾಠ ಇದೇ ಎಂದು ನನಗನ್ನಿಸುತ್ತದೆ. ಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಬೀಜ, ಒಟ್ಟು 56 ಕಾಯಿ. ಒಂದು ಬೊಗಸೆಗೂ ಕಡಿಮೆ. ಈ 56 ಕಾಯಿಯನ್ನು ಆ ಹದಿನಾಲ್ಕು ಗುಳಿಗಳಲ್ಲಿ ಎಷ್ಟು ಬಗೆಯಾಗಿ ಹಂಚಿಡಬಹುದು? 38 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೊಂದರಂತೆ ಜೋಡಿಸುತ್ತ ಹೋದರೆ ಹನ್ನೆರಡು ಲಕ್ಷ ವರ್ಷ ಮೀರುತ್ತದೆ. ನಮ್ಮ ಪಂಚಾಂಗದ ತ್ರೇತಾಯುಗಕ್ಕೆ 12,96,000 ವರ್ಷ. ಅಂದರೆ ಇಡೀ ತ್ರೇತಾಯುಗ ಒಂದು ಚೆನ್ನೆಮಣೆಗೆ ಸಾಲುವುದು ಕಷ್ಟದಲ್ಲಿ.

ಯುಗದ ಮಾತು ಬಂದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಡಲಾಗದು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅರಸನಿಗೆ ಮೂವತ್ತೇಳು ವರ್ಷ ರಾಜ್ಯವಿಲ್ಲದ ರಾಜತನ. ಹೊರಗಿನ ಬಾಗಿಲು ಮುಚ್ಚಿದ, ಒಳಗೆ ಮಣೆ ಹರವಿದ ಒಂದೇ ಒಂದು ಉದ್ದನೆಯ ರಜೆ. ಹೊಸ ಹೊಸ ಆಟ ಕಟ್ಟಿದರು. ಚಾಮುಂಡೇಶ್ವರಿ ಛಡ ಎಂಬ ಗಂಜೀಫಾ ಆಟಕ್ಕೆ 320 ಎಲೆ! ಹಿಡಿಯಲು ಎಷ್ಟು ಕೈ ಬೇಕೋ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಮಣೆಗಳು ಚಿತ್ರವಾಗಿ ಕೂತಿವೆ. ಅವರ ಪ್ರೀತಿಯ ಸಮಸ್ಯೆ ಕುದುರೆ ನಡೆ: ಒಂದೇ ಕುದುರೆ 64 ಮನೆಗಳಲ್ಲೂ ಒಂದೊಂದು ಸಲ ಮಾತ್ರ ಕಾಲಿಟ್ಟು ಸುತ್ತಿ ಬರಬೇಕು. ಹೊರಟ ಮನೆಗೇ ಮರಳಿ ಬರುವಂಥ ಸುತ್ತುಗಳು ಎಷ್ಟಿವೆ ಎಂದು ಕಂಪ್ಯೂಟರುಗಳು ಎಣಿಸಿವೆ. 13,26,736 ಕೋಟಿ 44 ಲಕ್ಷದ 10 ಸಾವಿರದ 532. ಸುತ್ತಿದ ದಿಕ್ಕನ್ನು ಬೇರೆ ಎಂದು ಎಣಿಸಿದರೆ ಇದರ ಎರಡರಷ್ಟು. ಸೆಕೆಂಡಿಗೆ ಒಂದು ಸುತ್ತು ಬರೆದರೆ 4,20,000 ವರ್ಷ. ಕಲಿಯುಗದ ಆಯಸ್ಸು 4,32,000. ಮುಮ್ಮಡಿಯವರ ಕುದುರೆಯನ್ನು ಕಲಿಯುಗ ಹುಟ್ಟಿದ ಗಳಿಗೆಯಲ್ಲಿ ಬಿಟ್ಟಿದ್ದರೆ ಪ್ರಳಯಕ್ಕೆ ಹನ್ನೆರಡು ಸಾವಿರ ವರ್ಷ ಇರುವಾಗ ಮನೆಗೆ ಬರುತ್ತಿತ್ತು.

"ಅವೆಲ್ಲ ರಾಜರ ಆಟ," ಎಂದ ವಿಜಯಪುರದವನು, ನನ್ನ ಮೂರನೆಯ ಕಾಯಿಯನ್ನು ಹೊಡೆಯುತ್ತ. "ಈ ಸುಣ್ಣದ ಗೆರಿ ಲೆಕ್ಕ ಹಾಕ್ರಿ ನೋಡೂಣು."

ಹಾಕಿದೆವು. ಕ್ಯಾಲೆಂಡರಿನ ಹಿಂಬದಿಯಲ್ಲಿ, ಬೆವರಿಗೆ ಇಂಕು ಹರಡುತ್ತಿದ್ದಂತೆ. ಒಬ್ಬನಿಗೆ ನಾಲ್ಕು ಕಾಯಿ. ಪ್ರತಿಯೊಂದೂ 25 ಮನೆಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ತನ್ನದೇ ಎರಡು ಜೊತೆಗೂಡಿ ಗಟ್ಟಿಯಾಗಿಯೂ ಕೂರಬಹುದು. ಕಾಯಿಗಳಿಗೆ ಹೆಸರಿಲ್ಲ, ಇದು ಅದು ಎಂದು ಬೇರೆಯಲ್ಲ. ಲೆಕ್ಕಿಗ 28ನ್ನು 27ರಿಂದ, 26ರಿಂದ, 25ರಿಂದ ಗುಣಿಸಿ 24ರಿಂದ ಭಾಗಿಸಿದ. ಬಂದದ್ದು 20,475. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ವಿಶ್ವವಿದ್ಯಾಲಯದ ಮೈದಾನದಲ್ಲಿ ಕೂತವರು 20,480. ಐದೇ ಐದು ಹೆಚ್ಚು. ಆ ದಿನ ಬಂದ ಒಬ್ಬೊಬ್ಬರಿಗೂ ಚೌಕಾಬಾರದ ಒಂದೊಂದು ಜೋಡಣೆ ಹಂಚಿದ್ದರೆ, ಐವರು ಮಾತ್ರ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು.

ಇದು ಒಬ್ಬ ಆಟಗಾರನ ಮಾತು. ನಾಲ್ವರಿಗೆ 20,475ನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಬೇಕು. 1,757 ಕೋಟಿ ಕೋಟಿ. ಕೋಟಿಯನ್ನು ಎರಡು ಸಲ ಬರೆದಿರುವುದು ಮುದ್ರಣದ ತಪ್ಪಲ್ಲ. ಸೆಕೆಂಡಿಗೊಂದು ಜೋಡಣೆ ನೋಡುತ್ತ ಹೋದರೆ 557 ಕೋಟಿ ವರ್ಷ. ಭೂಮಿ ಹುಟ್ಟಿ 454 ಕೋಟಿ ವರ್ಷವಾಯಿತು. ಬ್ರಹ್ಮನ ಒಂದು ಹಗಲು 432 ಕೋಟಿ. ನನ್ನ ಅಜ್ಜಿ ಜಗಲಿಯಲ್ಲಿ ಇದ್ದಿಲಿನಿಂದ ಗೀಚುತ್ತಿದ್ದ ಆ ಚೌಕ ಬ್ರಹ್ಮನ ಹಗಲನ್ನೂ ಮೀರಿತು ಎಂದು ನಾನು ಎದೆಯುಬ್ಬಿಸಿದೆ.

ಲೆಕ್ಕಿಗನಿಗೆ ಸಮಾಧಾನವಿಲ್ಲ. ನೆಲದ ಮೇಲೆ ಬೆರಳಿಟ್ಟು, "ಕಟ್ಟೆಯಲ್ಲದ ಮನೆಯಲ್ಲಿ ನಿನ್ನ ಕಾಯಿ ನನ್ನ ಕಾಯಿ ಒಟ್ಟಿಗೆ ಕೂರುವುದುಂಟೇ? ಹೊಡೆದು ಕಳಿಸುತ್ತೇನಲ್ಲ. ಅಂಥವನ್ನೆಲ್ಲ ಕಳೆ," ಎಂದ. ಸರಿಯಾದ ಮಾತು. ಇಂಥ ಗೆಳೆಯ ಒಬ್ಬ ಇದ್ದರೆ ಯಾವ ದೊಡ್ಡ ಸಂಖ್ಯೆಯೂ ಅಹಂಕಾರಪಡುವುದಿಲ್ಲ. ಹದಿನಾರು ಕಾಯಿ ಇಪ್ಪತ್ತೈದು ಮನೆಯಲ್ಲಿ ಒತ್ತೊತ್ತಾಗಿರುವುದರಿಂದ ಬಹುಪಾಲು ಜೋಡಣೆಗಳು ಕೈಬಿಟ್ಟು ಹೋಗುತ್ತವೆ. ಹತ್ತರಲ್ಲಿ ಒಂದು ಪಾಲು ಉಳಿಯಿತೆಂದು ಹಿಡಿದೆವು. 55 ಕೋಟಿ ವರ್ಷ. ಪೂಜೆಯ ಸಂಕಲ್ಪದಲ್ಲಿ ಭಟ್ಟರು ಹೇಳುವ ಮನ್ವಂತರಕ್ಕೆ 30 ಕೋಟಿ 67 ಲಕ್ಷದ 20 ಸಾವಿರ ವರ್ಷ. ಒಂದು ಮನ್ವಂತರ ಮುಗಿದು ಇನ್ನೊಂದು ಮುಗಿಯುತ್ತಾ ಬಂದಿರುತ್ತದೆ. ಬ್ರಹ್ಮನ ಹಗಲಿನಿಂದ ಮನುವಿಗೆ ಇಳಿದದ್ದಕ್ಕೆ ನನಗೆ ಸ್ವಲ್ಪ ನೋವಾಯಿತು.

ಆದರೂ ನೋಡಿ. ಬೀಜ ನೆಲಕ್ಕೆ ಬಿದ್ದ ಸದ್ದು, ಕಪ್ಪು ಮೂರು ಬಿಳಿ ಒಂದು, ವಿಜಯಪುರದವನ ಕಾಯಿ ಒಂದು ಮನೆ ಮುಂದೆ. ಹದಿನಾರು ಕಾಯಿ ಆ ಗಳಿಗೆಯಲ್ಲಿ ಕೂತ ಹಾಗೆ ಹಿಂದೆ ಯಾವ ಜಗಲಿಯಲ್ಲೂ ಯಾವ ದೇವಸ್ಥಾನದ ಕಲ್ಲಿನ ಮೇಲೂ ಕೂತಿರದೇ ಇರಬಹುದು. ಸುಣ್ಣದ ಪುಡಿ ಕೈಗೆ ಅಂಟಿಸಿಕೊಂಡು ಬೆವರುತ್ತಿದ್ದ ನಾವು ನಾಲ್ವರೇ ಅದರ ಸಾಕ್ಷಿ. ಹೊತ್ತು ಕಳೆಯಲು ಆಡುತ್ತೇವೆ ಅನ್ನುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಕಳೆಯುವುದಕ್ಕೆ ನಮ್ಮ ಹತ್ತಿರ ಇದ್ದದ್ದೇ ಐದು ಗಂಟೆ, ಕೇಳುತ್ತಿದ್ದದ್ದು ಮನ್ವಂತರ.

ಆರೂವರೆಗೆ ಕರೆಂಟು ಬಂತು. ಗುಜರಾತಿಯವನ ಕಾಯಿ ನಾಲ್ಕೂ ಹಣ್ಣಾಗಿದ್ದವು, ನನ್ನದು ಒಂದು. ಛಾಸಿನ ಪಾತ್ರೆ ನಾನು ತೊಳೆದೆ. ಬಿಸಿಲಿಳಿದ ಮೇಲೆ ಲೋಥಲ್‌ಗೆ ಹೋಗಿ ಆ ಮಣ್ಣಿನ ಕಾಯಿಗಳನ್ನು ಒಮ್ಮೆ ನೋಡಿ ಬರಬೇಕು ಎಂದು ಮಾತಾಯಿತು, ಮಳೆಗಾಲ ಕಳೆದ ಮೇಲೆ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ನಿಲ್ಲಿಸಿದ್ದಾರೆ, ಒಂದೊಂದೂ ಹೆಬ್ಬೆಟ್ಟಿಗಿಂತ ದೊಡ್ಡದಿಲ್ಲ. ನೀವೂ ಅಹಮದಾಬಾದಿಗೆ ಬಂದರೆ ಒಂದು ದಿನ ಅದಕ್ಕೆಂದು ಇಟ್ಟುಕೊಳ್ಳಿ. ಶುಕ್ರವಾರ ಮಾತ್ರ ಬೇಡ, ಅಂದು ಮ್ಯೂಸಿಯಂ ಬಾಗಿಲು ಹಾಕಿರುತ್ತದೆ.